ಎರಡು ಗಂಟೆಯ ಲೆಕ್ಕ

ನಮ್ಮ ಭೌತಶಾಸ್ತ್ರದ ಸರ್ ಕೊಡುತ್ತಿದ್ದ ಲೆಕ್ಕಗಳಲ್ಲಿ ರೈಲು ಇರುತ್ತಿರಲಿಲ್ಲ, ದೋಣಿಯೂ ಇರುತ್ತಿರಲಿಲ್ಲ. ಇದ್ದದ್ದು ಸೈಕಲ್ ಒಂದೇ. ಅದರಲ್ಲೂ ಒಂದು ಲೆಕ್ಕ ಪ್ರತಿ ಬ್ಯಾಚಿಗೂ ತಪ್ಪದೆ ಬರುತ್ತಿತ್ತು. ಸವಾರನೊಬ್ಬ ಎದುರುಗಾಳಿಯಲ್ಲಿ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುತ್ತಾನೆ, ಅದೇ ದಾರಿಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ವಾಪಸಾಗುತ್ತಾನೆ. ಎರಡು ಗಂಟೆಯೊಳಗೆ ಮನೆ ಸೇರಬೇಕು. ಎಷ್ಟು ದೂರ ಹೋಗಿ ತಿರುಗಬೇಕು?

ತರಗತಿಯ ಮುಕ್ಕಾಲು ಪಾಲು ಎರಡು ವೇಗಗಳ ಸರಾಸರಿ ತೆಗೆದು 22.5 ಕಿ.ಮೀ. ಎಂದು ಬರೆಯುತ್ತಿತ್ತು. ಸರ್ ಬೈಯುತ್ತಿರಲಿಲ್ಲ. "ಆಗಲಿ, ಅಷ್ಟು ದೂರ ಹೋಗಿಯೇ ನೋಡೋಣ" ಎಂದು, ಹೋಗಲು ಒಂದೂವರೆ ಗಂಟೆ, ಬರಲು ಮುಕ್ಕಾಲು ಗಂಟೆ ಅಂತ ಬೋರ್ಡಿನ ಮೇಲೆ ಬರೆದು ಕೂಡಿಸಿ, "ಕಾಲು ಗಂಟೆ ತಡ" ಎನ್ನುತ್ತಿದ್ದರು. ನಿಧಾನದ ಹಾದಿಯಲ್ಲೇ ಹೆಚ್ಚು ಹೊತ್ತು ಕಳೆಯುವುದರಿಂದ ಸರಾಸರಿ ವೇಗ 20ಕ್ಕೆ ಇಳಿಯುತ್ತದೆ. ತಿರುಗಬೇಕಾದದ್ದು 20ನೇ ಕಿಲೋಮೀಟರಿನಲ್ಲಿ. ಕಾಲು ಗಂಟೆ ತಡವಾದರೆ ಏನಂತೆ ಎಂದು ನಾವ್ಯಾರೂ ಕೇಳಲಿಲ್ಲ. ಲೆಕ್ಕದ ಸವಾರನಿಗೂ ಮನೆಯಲ್ಲಿ ಕಾಯುವವರಿರುತ್ತಾರೆ ಅಂತ ಆ ವಯಸ್ಸಿನಲ್ಲಿ ಯಾರಿಗೆ ಹೊಳೆಯುತ್ತದೆ?

ಸರ್‌ಗೆ ಇದ್ದರು. ಅವರ ತಮ್ಮ, ಬೆನ್ನುಹುರಿಗೆ ಪೆಟ್ಟುಬಿದ್ದು ಎದೆಯಿಂದ ಕೆಳಗೆ ಸ್ಪರ್ಶವೂ ಚಲನೆಯೂ ಇಲ್ಲದೆ ಹಾಸಿಗೆಯಲ್ಲಿದ್ದವರು. ಪ್ರಯೋಗದ ರೆಕಾರ್ಡ್ ಪುಸ್ತಕಗಳನ್ನು ಮನೆಗೆ ತಲುಪಿಸಲು ಹೋದಾಗ ನನಗಿದು ತಿಳಿಯಿತು. ಮಾತಾಡುತ್ತಿದ್ದ ಸರ್ ಗಡಿಯಾರ ನೋಡಿದವರೇ ಎದ್ದು ಒಳಗೆ ಹೋದರು. "ನೀನೂ ಬಾ, ನೋಡಿ ಕಲಿ" ಎಂದರು. ತಮ್ಮನ ಆಚೆ ಬದಿಯ ಮೊಣಕಾಲನ್ನು ಮಡಚಿ, ಒಂದು ಕೈ ಭುಜದ ಮೇಲೆ, ಇನ್ನೊಂದು ಸೊಂಟದ ಮೇಲೆ ಇಟ್ಟು ತಮ್ಮತ್ತ ಹೊರಳಿಸಿದರು. ಬೆನ್ನಿಗೆ ಒಂದು ದಿಂಬು, ಮಂಡಿಗಳ ನಡುವೆ ಒಂದು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ಇನ್ನೊಂದು. "ಎತ್ತಬಾರದು, ಹೊರಳಿಸಬೇಕು. ಮಡಚಿದ ಕಾಲೇ ಸನ್ನೆಕೋಲು. ಎತ್ತಲು ಹೋದರೆ ನಾಳೆ ನನ್ನ ಬೆನ್ನೂ ಹಾಸಿಗೆ ಹಿಡಿಯುತ್ತದೆ."

ನಾವೆಲ್ಲ ನಿದ್ದೆಯಲ್ಲೂ ಮಗ್ಗುಲು ಬದಲಿಸುತ್ತೇವೆ, ಒತ್ತಡ ಬಿದ್ದಲ್ಲಿ ನೋವಾಗುವುದರಿಂದ. ಆ ನೋವೇ ತಿಳಿಯದವರಿಗೆ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮದಲ್ಲಿ ರಕ್ತದ ಓಡಾಟ ನಿಂತು ಹುಣ್ಣಾಗುತ್ತದೆ. ಬೆನ್ನಿನ ಬುಡದ ಮೂಳೆಯಾದ ತ್ರಿಕಾಸ್ಥಿ, ಸೊಂಟ, ಹಿಮ್ಮಡಿಗಳಲ್ಲಿ ಮೊದಲು. ಅದಕ್ಕೇ ಎರಡು ಗಂಟೆಗೊಮ್ಮೆ ಹೊರಳಿಸುವುದು. ಹಗಲು ಶಾಲೆಯ ಹೊತ್ತಿಗೆ ಸರ್ ಅವರ ತಾಯಿಯೂ ಒಬ್ಬ ಸಹಾಯಕಿಯೂ ಇದ್ದರು. ಬೆಳಗು, ಸಂಜೆ, ರಾತ್ರಿಯ ಅಲಾರಂಗಳೆಲ್ಲ ಸರ್ ಪಾಲಿನವು. ಸೈಕಲ್ ಸವಾರಿ ನಡೆಯುತ್ತಿದ್ದದ್ದು ಎರಡು ಹೊರಳಿಕೆಗಳ ನಡುವೆ. ಹೊರಡುವಾಗ ಯಾವಾಗಲೂ ಗಾಳಿಗೆ ಎದುರಾಗಿಯೇ ಹೊರಡುತ್ತಿದ್ದರು, ಮರಳುವಾಗ ಗಾಳಿ ಬೆನ್ನಿಗಿರಲಿ ಅಂತ. ದಣಿದ ಕಾಲಿಗೆ ಎದುರುಗಾಳಿ ಸಿಕ್ಕರೆ ಹೇಳಿದ ಹೊತ್ತಿಗೆ ಮನೆ ಮುಟ್ಟುವುದು ಕಷ್ಟ. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ ಎಂದು ಪಾಠ ಮಾಡುವವರಿಗೆ ಇದು ಗೊತ್ತಿರದೆ ಇದ್ದೀತೆ.

ಆ ಲೆಕ್ಕ ಕಟ್ಟಿದವರು ಸರ್ ಅಲ್ಲ, ತಮ್ಮ. ಅವರಿಗೆ ಗಣಿತದ ಹುಚ್ಚು. ಅಣ್ಣ ಬಾಗಿಲು ದಾಟಿ ಬಂದರೆ ಗಡಿಯಾರದತ್ತ ನೋಡಿ, "ಎರಡು ನಿಮಿಷ ತಡ. ಗಾಳಿ ತಿರುಗಿತೋ, ನೀನು ತಿರುಗೋದು ತಡವಾಯ್ತೋ?" ಎನ್ನುತ್ತಿದ್ದರು. ಇಬ್ಬರೂ ನಗುತ್ತಿದ್ದರು.

ತಮ್ಮ ಹಾಗೆ ಮಲಗಿರುವಾಗ ಅಣ್ಣನಿಗೆ ಸೈಕಲ್ ಶೋಕಿ ಯಾಕೆ ಎಂದು ಆಡಿಕೊಂಡವರೂ ಇದ್ದರು. ಸರ್ ಮಾಡಿದ್ದನ್ನು ತ್ಯಾಗ ಎಂದು ಹೊಗಳಿದವರಷ್ಟೇ ಇವರೂ ತಪ್ಪು ಎಂದು ನನ್ನ ಅಭಿಪ್ರಾಯ. ರಾತ್ರಿಯಿಡೀ ಅರೆನಿದ್ದೆ ಮಾಡುವ ಮನುಷ್ಯನಿಗೆ ಆ ಎರಡು ಗಂಟೆ ಸಿಗದಿದ್ದರೆ ಆರೈಕೆ ಅಷ್ಟು ವರ್ಷ ನಡೆಯುತ್ತಿರಲಿಲ್ಲ.

ಪಾಠದ ವಿಷಯಕ್ಕೆ ಬಂದರೆ, ಅವರಷ್ಟು ಹಟವಿದ್ದವರನ್ನು ನಾನು ಕಂಡಿಲ್ಲ. ತಿರುಗುವ ಚಕ್ರ ತನ್ನ ಅಕ್ಷದ ದಿಕ್ಕನ್ನು ಸುಲಭಕ್ಕೆ ಬಿಟ್ಟುಕೊಡದ ಗೈರೋಸ್ಕೋಪ್ ಪರಿಣಾಮದಿಂದ ಸೈಕಲ್ ಬೀಳದೆ ನಿಲ್ಲುತ್ತದೆ ಎಂದು ನಮಗೆ ಹೇಳಿಕೊಟ್ಟಿದ್ದರು. ಆ ಪರಿಣಾಮವೂ ಇಲ್ಲದ, ಮುಂಚಕ್ರ ಹ್ಯಾಂಡಲ್ಲಿನ ಅಕ್ಷದ ಹಿಂದೆ ಎಳೆದುಕೊಂಡು ಬರುವ ಗುಣವೂ ಇಲ್ಲದ ಸೈಕಲ್ಲೊಂದು ಸವಾರನಿಲ್ಲದೆಯೂ ಬೀಳದೆ ಓಡುತ್ತದೆ ಎಂದು 2011ರಲ್ಲಿ ವಿಜ್ಞಾನಿಗಳು ತೋರಿಸಿದರು. ಅಷ್ಟು ಹೊತ್ತಿಗೆ ನಾವು ಶಾಲೆ ಬಿಟ್ಟು ಎಷ್ಟೋ ಕಾಲವಾಗಿತ್ತು. ಹಳೆಯ ವಿದ್ಯಾರ್ಥಿಗಳ ಸಮಾರಂಭದಲ್ಲಿ ಸರ್ ನಮ್ಮನ್ನೆಲ್ಲ ಹಿಡಿದು ನಿಲ್ಲಿಸಿ, "ನಿಮಗೆ ನಾನು ಹೇಳಿದ್ದು ಅರ್ಧ ಸತ್ಯ ಕಣ್ರಯ್ಯ, ತಿದ್ದಿಕೊಳ್ಳಿ" ಎಂದರು. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯನೊಬ್ಬ, "ಈಗ ಪರೀಕ್ಷೆ ಇಲ್ವಲ್ಲ ಸರ್" ಎಂದ. "ಪರೀಕ್ಷೆಗೇನು, ಸೈಕಲ್ ಇದೆಯಲ್ಲ" ಎಂದರು ಸರ್.

ತಮ್ಮ ತೀರಿಕೊಂಡ ಮೇಲೆ ಸರ್ ನಿವೃತ್ತಿಯ ಅಂಚಿನಲ್ಲಿ ಮೊದಲ ಸಲ 200 ಕಿ.ಮೀ.ಯ ಬ್ರೆವೆಗೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಗೆ, ಹೆಸರು ಕೊಟ್ಟರು. ಬ್ರೆವೆ ಪಂದ್ಯವಲ್ಲ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ವ್ಯತ್ಯಾಸವಿಲ್ಲ. 13 ಗಂಟೆ 30 ನಿಮಿಷದೊಳಗೆ, ದಾರಿಯ ನಿಗದಿತ ಠಾಣೆಗಳಲ್ಲಿ ಹಾಜರಿ ಹಾಕಿಸಿಕೊಂಡು, ಮುಗಿಸಿದರಾಯಿತು. ಸರ್ ಮುಗಿಸಿದರು. ಹೇಗಿತ್ತು ಅಂತ ಫೋನಿನಲ್ಲಿ ಕೇಳಿದರೆ, "ಎರಡು ಗಂಟೆಯಾಗುತ್ತಲೇ ಕಾಲು ತಾನಾಗಿ ನಿಲ್ಲುತ್ತಿತ್ತು. ನಾನೂ ಬೈಯಲಿಲ್ಲ, ಇಳಿದು ನೀರು ಕುಡಿದೆ" ಎಂದರು. ಆಮೇಲೆ 20 ಗಂಟೆಯ ಮಿತಿಯಿರುವ 300 ಕಿ.ಮೀ.ಯನ್ನೂ ಮಾಡಿದರು. ರಾತ್ರಿ ಸವಾರಿ ಸುಲಭವೇ ಎಂದರು. ರಾತ್ರಿ ಎದ್ದಿರುವ ಅಭ್ಯಾಸ ಅವರಿಗೆ ಯಾವತ್ತಿನದೋ.

ಹೋದ ವರ್ಷ ಸರ್ ತೀರಿಕೊಂಡರು. ಅವರ ಇಚ್ಛೆಯಂತೆ ಸೈಕಲ್ಲನ್ನು ಶಾಲೆಯ ಪ್ರಯೋಗಾಲಯಕ್ಕೆ ಕೊಟ್ಟಿದ್ದಾರೆ. ಹಿಂದಿನ ಚಕ್ರ ನೆಲ ಬಿಟ್ಟಿರುವಂತೆ ಸ್ಟ್ಯಾಂಡಿಗೆ ಏರಿಸಿ ಇಟ್ಟಿದ್ದಾರೆ. ಪೆಡಲ್ ಬಳಿ 48 ಹಲ್ಲು, ಹಿಂದೆ 16. ಪೆಡಲ್ ಒಂದು ಸುತ್ತಿಗೆ ಚಕ್ರ ಮೂರು ಸುತ್ತು. ಈ ಸಂಚಿಕೆ ಓದುವ ಮಕ್ಕಳು ಎಣಿಸಿ ನೋಡಲಿ, ನನ್ನ ಮಾತು ನಂಬಬೇಕಿಲ್ಲ. ಹೋದ ಸಲ ನೋಡಿದಾಗ ಚೈನು ಒಣಗಿತ್ತು. ಲ್ಯಾಬಿನ ಬೀರುವಿನಲ್ಲಿ ಎಣ್ಣೆಯ ಡಬ್ಬಿ ಇಟ್ಟು ಬಂದಿದ್ದೇನೆ. ಎರಡೇ ಹನಿ ಸಾಕು, ಹೆಚ್ಚಾದರೆ ಧೂಳು ಹಿಡಿಯುತ್ತದೆ.