ಹುಳಿ ಎಲೆಕೋಸಿನ ರಾಜಕುಮಾರಿ

ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಲಿಸೆಲೊಟೆ ಬಗ್ಗೆ ಓದುತ್ತಾ ಕೂತೆ. ಜರ್ಮನಿಯ ಹೈಡೆಲ್‌ಬರ್ಗ್ ಅರಮನೆಯ ಹುಡುಗಿ. 1671ರಲ್ಲಿ, 19ನೇ ವಯಸ್ಸಿಗೆ, ಫ್ರಾನ್ಸಿನ ದೊರೆ 14ನೇ ಲೂಯಿಯ ತಮ್ಮನಿಗೆ ಕೊಟ್ಟರು. ಗಂಡನ ಮುಖ ನೋಡುವ ಮೊದಲೇ ಬದಲಿ ವರನ ಪಕ್ಕ ನಿಲ್ಲಿಸಿ ಶಾಸ್ತ್ರ ಮುಗಿಸಿದ್ದರು. ಪ್ರಾಟೆಸ್ಟಂಟ್ ಹುಡುಗಿ ಕ್ಯಾಥೊಲಿಕ್ ಕೂಡ ಆಗಬೇಕಾಯಿತು. ಅಪ್ಪನ ಲೆಕ್ಕ ಇಷ್ಟೇ: ಬೀಗರು ಬಲವಾಗಿದ್ದರೆ ಸಂಸ್ಥಾನ ಉಳಿಯುತ್ತೆ.

ಎಲ್ಲಿ ಉಳೀತು? 1685ರಲ್ಲಿ ಅವಳ ಅಣ್ಣ ಮಕ್ಕಳಿಲ್ಲದೆ ತೀರಿಕೊಂಡ. ನಾದಿನಿಯ ಪಾಲು ಕೊಡಿ ಅಂತ ಲೂಯಿ ತಗಾದೆ ತೆಗೆದ, ಆಮೇಲೆ ದಂಡು ಕಳಿಸಿದ. 1689ರಲ್ಲಿ ಹೈಡೆಲ್‌ಬರ್ಗ್‌ಗೆ ಬೆಂಕಿ ಬಿತ್ತು. ಎಲ್ಲಾ ಅವಳ ಹೆಸರಲ್ಲೇ! ತವರು ಸುಡಿಸಿದ ಭಾವನ ಆಸ್ಥಾನದಲ್ಲೇ ದಿನಾ ನಗುತ್ತಾ ಓಡಾಡಬೇಕು ಅಂದ್ರೆ ಹೇಗಿರಬೇಕು, ಅಲ್ವಾ?

ಅವಳು ಪತ್ರ ಬರೆದಳು. ಹ್ಯಾನೋವರ್‌ನಲ್ಲಿದ್ದ ಸೋದರತ್ತೆ ಸೋಫಿಗೆ ಸಾಲು ಸಾಲು ಪತ್ರ. ಟಪಾಲು ಒಡೆದು ಓದ್ತಾರೆ ಅಂತ ಗೊತ್ತಿದ್ದೂ ಬಾಯಿಗೆ ಬಂದಂತೆ ಬರೆದಳು. ಕಾಫಿ, ಟೀ, ಚಾಕೊಲೇಟ್ ಯಾವುದೂ ಅವಳಿಗೆ ಸೇರುತ್ತಿರಲಿಲ್ಲ. ಬೇಕಿದ್ದದ್ದು ಬಿಯರ್ ಸೂಪು, ಹುಳಿ ಬರಿಸಿದ ಎಲೆಕೋಸು.

ಇಷ್ಟು ಓದಿ, ಎರಡು ಗಂಟೆಗೆ ಎದ್ದು ಫ್ರಿಜ್ಜಲ್ಲಿ ಅಮ್ಮ ಕಳಿಸಿದ ಉಪ್ಪಿನಕಾಯಿ ಹುಡುಕಿದೆ.