ಬೋರ್ಡಿನ ನಡುವೆ ಬರೆದ ‘ರನ್’

ಎಂಟನೇ ತರಗತಿಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವ ಪಾಠ. ನಾನು ‘ನದಿ ಸಮುದ್ರದ ಕಡೆಗೆ ಓಡುತ್ತದೆ’ ಅಂತ ಬರೆದಿದ್ದೆ. ರನ್ ಅಂದರೆ ಓಡು ಅಂತಲೇ ಕಲಿತಿದ್ದು. ಇಂಗ್ಲಿಷ್ ಮೇಷ್ಟ್ರು ಆ ‘ಓಡುತ್ತದೆ’ಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ನಿಮ್ಮಜ್ಜಿ ಹೀಗೆ ಹೇಳ್ತಾರಾ?’ ಎಂದು ಬರೆದಿದ್ದರು. ಆ ಪುಟ ಇನ್ನೂ ಕಣ್ಣ ಮುಂದಿದೆ.

ಮರುದಿನ ಅವರು ಪಠ್ಯಪುಸ್ತಕ ತೆಗೆಯಲೇ ಇಲ್ಲ. ಬೋರ್ಡಿನ ನಡುವೆ ‘ರನ್’ ಅಂತ ದೊಡ್ಡದಾಗಿ ಬರೆದರು. ಒಂದೊಂದೇ ಇಂಗ್ಲಿಷ್ ವಾಕ್ಯ ಹೇಳುವುದು, ಇದನ್ನು ಮನೇಲಿ ಹೇಗೆ ಹೇಳ್ತೀರಿ ಅಂತ ಕೇಳುವುದು. ನದಿಯಾದರೆ ಹರಿಯುತ್ತದೆ. ಮೂಗಾದರೆ ಸೋರುತ್ತದೆ. ನೆನೆಸಿದ ಬಟ್ಟೆ ಬಣ್ಣ ಬಿಡುತ್ತದೆ. ಅಂಗಡಿಯನ್ನು ನಡೆಸುತ್ತೇವೆ. ಪಕ್ಕದಲ್ಲಿ ‘ಔಟ್’ ಬಂದರೆ ದುಡ್ಡು ಖಾಲಿ, ‘ಇನ್‌ಟು’ ಬಂದರೆ ಹಳೇ ಗೆಳೆಯ ದಾರಿಯಲ್ಲಿ ಸಿಕ್ಕ. ಕ್ರಿಕೆಟ್ಟಿನಲ್ಲಿ ಚೆಂಡು ಬೌಂಡರಿ ಮುಟ್ಟಿದರೆ ಯಾರೂ ಓಡದಿದ್ದರೂ 4 ರನ್!

‘ಓವರ್’ ಸೇರಿಸಿದಾಗ ಒಬ್ಬಳು ‘ಗಾಡಿ ಹರಿಯಿತು’ ಅಂದಳು. ಮೇಷ್ಟ್ರ ಮುಖ ಅರಳಿತು. ನೀರೂ ಹರಿಯುತ್ತೆ, ಗಾಡಿಯೂ ಹರಿಯುತ್ತೆ, ಬಟ್ಟೆಯೂ ಹರಿಯುತ್ತೆ, ನಮ್ಮ ಪದಗಳೇನು ಕಡಿಮೆ ಅಂದರು. ನನಗೆ ಅವತ್ತಿನ ದೊಡ್ಡ ಪಾಠ ಅದೇ. ಅಲ್ಲಿಯವರೆಗೆ ಕನ್ನಡದ ಕಡೆಗೆ ನಾನು ಹಾಗೆ ತಿರುಗಿ ನೋಡಿರಲಿಲ್ಲ.

ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ವಿಷಯ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. 1989ರ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಪದದ್ದು. ಆಮೇಲಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ದಾಟಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ! ಅವನ್ನೆಲ್ಲ ಬಿಡಿಸಿ ಜೋಡಿಸಲು ಪೀಟರ್ ಗಿಲಿವರ್ ಎಂಬ ಸಂಪಾದಕರಿಗೆ 9 ತಿಂಗಳು ಹಿಡಿಯಿತಂತೆ. ಓದಿದ ಕೂಡಲೇ ಮೇಷ್ಟ್ರಿಗೆ ಹೇಳಬೇಕು ಅನ್ನಿಸಿತು. ಅಷ್ಟು ಹೊತ್ತಿಗೆ ಅವರು ಇರಲಿಲ್ಲ.

ಇವತ್ತು ಅನುವಾದವೇ ನನ್ನ ಕೆಲಸ. ಒಂದು ಪದ ಕೈಕೊಟ್ಟಾಗ ಈಗಲೂ ಅಜ್ಜಿ ಹೇಗೆ ಹೇಳುತ್ತಿದ್ದರು ಅಂತಲೇ ಯೋಚಿಸುತ್ತೇನೆ.

ಅವತ್ತು ಬೆಲ್ ಹೊಡೆಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ‘ಸಾರ್, ಅಮೆರಿಕದಲ್ಲಿ ಚುನಾವಣೆಗೆ ರನ್ ಮಾಡ್ತಾರಂತೆ. ನಮ್ಮಲ್ಲಿ ನಿಲ್ತಾರೆ ಅಲ್ವಾ?’

‘ಬ್ರಿಟನ್ನಿನವರೂ ನಿಲ್ಲೋದೇ ಕಣೋ,’ ಅಂದರು ಮೇಷ್ಟ್ರು. ಒಂದು ಕ್ಷಣ ಸುಮ್ಮನಾದರು. ‘ಓಡೋದಕ್ಕೂ ನಿಲ್ಲೋದಕ್ಕೂ ಅರ್ಥ ಒಂದೇ ಆಯ್ತಲ್ಲೋ! ನನಗೆ ಹೊಳೆದೇ ಇರಲಿಲ್ಲ.’ ಅಂಗಿ ಜೇಬಿನಿಂದ ಪುಟ್ಟ ಪುಸ್ತಕ ತೆಗೆದು, ಅವನ ಹೆಸರಿನ ಸಮೇತ ಬರೆದುಕೊಂಡರು.