ತೆರೆಯ ಮೇಲಿನ 127 ಡಿಗ್ರಿ

ಭಾನುವಾರ, ನವೆಂಬರ್ 16, 2025

ತಂಗಿಯ ಡೆಸ್ಕ್‌ಟಾಪ್ ಇವತ್ತು ಇಡೀ ದಿನ ನನ್ನ ಮೇಜಿನ ಮೇಲಿತ್ತು. ವಿಡಿಯೊ ಎಡಿಟ್ ಮಾಡುತ್ತಿರುವಾಗ ಇದ್ದಕ್ಕಿದ್ದಂತೆ ರೀಸ್ಟಾರ್ಟ್ ಆಗುತ್ತದೆ ಎಂಬುದು ದೂರು. ಜೊತೆಗೆ ಯಾವಾಗಲೋ ತೆಗೆದಿಟ್ಟಿದ್ದ ಒಂದು ಸ್ಕ್ರೀನ್‌ಶಾಟ್. ಹಾರ್ಡ್‌ವೇರ್ ಮಾನಿಟರಿಂಗ್ ತಂತ್ರಾಂಶದ ಆ ಚಿತ್ರದಲ್ಲಿ ಮೂರು ಸಾಲುಗಳ ಕೆಳಗೆ ಅವಳೇ ಕೆಂಪು ಗೆರೆ ಎಳೆದಿದ್ದಳು: ಒಂದು ಉಷ್ಣತೆ 127 ಡಿಗ್ರಿ, 12 ವೋಲ್ಟ್ ಇರಬೇಕಾದ ಕಡೆ 8.06, ಒಂದು ಫ್ಯಾನಿನ ವೇಗ ಸೊನ್ನೆ. "ಪವರ್ ಸಪ್ಲೈ ಹೋಗಿದೆ ಅಲ್ವಾ ಅಣ್ಣ? ಹೊಸದಕ್ಕೆ ಆರ್ಡರ್ ಹಾಕ್ಲಾ?" ಅಂತ ಕೇಳಿದಳು. ತಡಿ, ಮೊದಲು ಈ ಅಂಕಿಗಳು ಎಲ್ಲಿಂದ ಬಂದವು ಅಂತ ನೋಡೋಣ ಅಂದೆ.

ಮೆಷೀನ್ ಆನ್ ಮಾಡಿ ಅದೇ ತಂತ್ರಾಂಶ ತೆರೆದರೆ ಚಿತ್ರದಲ್ಲಿದ್ದ ಅರ್ಧಕ್ಕರ್ಧ ಸಾಲುಗಳೇ ಇಲ್ಲ. ವೋಲ್ಟೇಜ್ ಇಲ್ಲ, ಫ್ಯಾನ್ ಇಲ್ಲ, ಪ್ರೊಸೆಸರಿನ ಉಷ್ಣತೆಯೂ ಇಲ್ಲ. ಉಳಿದಿದ್ದು ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಮತ್ತು ಎಸಿಪಿಐ ಥರ್ಮಲ್ ಝೋನ್ (ಮದರ್‌ಬೋರ್ಡಿನ ಫರ್ಮ್‌ವೇರ್, ಅಂದರೆ ಒಳಗಿನ ತಂತ್ರಾಂಶ, ವಿಂಡೋಸ್‌ಗೆ ಹೇಳುವ ಉಷ್ಣತೆ) ಎಂಬ ಒಂದು ಸಾಲು. ಹೀಗೆ ಒಂದು ಗುಂಪಿಗೆ ಗುಂಪೇ ಮಾಯವಾದರೆ ನಾನು ಸೆನ್ಸರ್‌ಗಳನ್ನು ಅನುಮಾನಿಸುವುದಿಲ್ಲ, ಅವನ್ನು ಓದುವ ಡ್ರೈವರ್ ಲೋಡ್ ಆಗಿದೆಯೋ ಇಲ್ಲವೋ ಅಂತ ನೋಡುತ್ತೇನೆ. ಆ್ಯಂಟಿವೈರಸ್‌ನ ಹಿಸ್ಟರಿ ತೆರೆದೆ. ವಿನ್‌ರಿಂಗ್0 ಎಂಬ ಡ್ರೈವರ್ ಕ್ವಾರಂಟೈನ್‌ನಲ್ಲಿ ಬಿದ್ದಿತ್ತು.

ಇದರ ಬಗ್ಗೆ ಸ್ವಲ್ಪ ಬರೆಯಲೇಬೇಕು. ಪ್ರೊಸೆಸರಿನ ಒಳಗಿನ ಎಂಎಸ್‌ಆರ್ ಎಂಬ ರಿಜಿಸ್ಟರ್‌ಗಳನ್ನಾಗಲಿ (ಅಂಕಿಗಳನ್ನು ಇಡುವ ಪುಟ್ಟ ಜಾಗಗಳು), ಮದರ್‌ಬೋರ್ಡಿನ ಐಒ ಪೋರ್ಟ್‌ಗಳನ್ನಾಗಲಿ ಸಾಮಾನ್ಯ ತಂತ್ರಾಂಶ ನೇರವಾಗಿ ಮುಟ್ಟುವಂತಿಲ್ಲ; ವಿಂಡೋಸ್‌ನ ತಿರುಳಾದ ಕರ್ನಲ್ ಮಟ್ಟದ ಡ್ರೈವರ್ ಬೇಕು. ವಿನ್‌ರಿಂಗ್0 ಬಹಳ ವರ್ಷ ಆ ಕೆಲಸವನ್ನು ಹತ್ತಾರು ತಂತ್ರಾಂಶಗಳ ಪರವಾಗಿ ಮಾಡಿಕೊಟ್ಟಿತು. ಆದರೆ ಅದು ಬಾಗಿಲನ್ನು ತೀರಾ ಅಗಲವಾಗಿ ತೆರೆದಿಟ್ಟಿತ್ತು. ಯಾವ ಅಧಿಕಾರವೂ ಇಲ್ಲದ ಪ್ರೋಗ್ರಾಂ ಕೂಡ ಅದರ ಮೂಲಕ ಮೆಮೊರಿಯನ್ನು ಓದಿ, ಬರೆದು, ಇಡೀ ವ್ಯವಸ್ಥೆಯ ಹತೋಟಿ ಪಡೆಯಬಹುದಿತ್ತು. ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಆ ದೋಷಕ್ಕೆ ಸಿವಿಇ-2020-14979 ಎಂಬ ಸಂಖ್ಯೆ ಇದೆ. 2025ರ ಮಾರ್ಚ್‌ನಲ್ಲಿ ವಿಂಡೋಸ್ ಡಿಫೆಂಡರ್ ಅದನ್ನು ಅಪಾಯಕಾರಿ ಎಂದು ಗುರುತಿಸತೊಡಗಿದಾಗ ಎಷ್ಟೋ ಜನರ ಫ್ಯಾನ್ ನಿಯಂತ್ರಣ, ಉಷ್ಣತೆಯ ಸಾಲುಗಳು ನಿಂತುಹೋದವು. ಲಿಬ್ರೆ ಹಾರ್ಡ್‌ವೇರ್ ಮಾನಿಟರ್‌ನಂಥವು ಪಾನ್‌ಐಒ ಎಂಬ ಬೇರೆ ಡ್ರೈವರ್‌ಗೆ ಹೋದವು. ಅದರಲ್ಲಿ ಸಹಿ ಇರುವ ಸಣ್ಣ ಮಾಡ್ಯೂಲ್‌ಗಳು ತಮಗೆ ಗೊತ್ತುಮಾಡಿದ ಕೆಲಸವನ್ನಷ್ಟೇ ಮಾಡುತ್ತವೆ.

ತಂಗಿಗೆ ಯಾರೋ ಸಲಹೆ ಕೊಟ್ಟಿದ್ದರಂತೆ: ವಿಂಡೋಸ್‌ನ ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆ ಆಫ್ ಮಾಡು, ಆ ಫೋಲ್ಡರನ್ನು ಸ್ಕ್ಯಾನ್‌ನಿಂದ ಹೊರಗಿಡು, ಎಲ್ಲ ಸರಿಹೋಗುತ್ತದೆ ಅಂತ. ಈ ಸಲಹೆ ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಉಷ್ಣತೆ ನೋಡುವ ಒಂದೇ ಆಸೆಗೆ ಮನೆಯ ಚಿಲಕ ತೆಗೆದಿಡುವ ಅಗತ್ಯ ಯಾರಿಗೂ ಇಲ್ಲ. ಹಳೆಯದನ್ನು ತೆಗೆದುಹಾಕಿ, ಹೊಸ ಡ್ರೈವರ್ ಬಳಸುವ ಆವೃತ್ತಿ ಹಾಕಿದೆ. ಸಾಲುಗಳೆಲ್ಲ ಮರಳಿದವು. 127 ಬಂತು, 8.06 ಬಂತು, ಸೊನ್ನೆಯೂ ಬಂತು.

ಮೊದಲು 127. ಮದರ್‌ಬೋರ್ಡಿನ ಮೇಲೆ ಸೂಪರ್ ಐಒ ಎಂಬ ಚಿಪ್ ಇರುತ್ತದೆ. ಹೆಚ್ಚಾಗಿ ನುವೋಟಾನ್ ಅಥವಾ ಐಟಿಇ ಕಂಪನಿಯದು. ಹಲವು ಉಷ್ಣತೆಗಳನ್ನು ಓದಲು ಅದಕ್ಕೆ ಪಿನ್‌ಗಳಿವೆ, ಬೋರ್ಡ್ ಮಾಡುವವರು ಎಲ್ಲ ಪಿನ್‌ಗೂ ಉಷ್ಣತೆ ಅಳೆಯುವ ಥರ್ಮಿಸ್ಟರ್ ಜೋಡಿಸುವುದಿಲ್ಲ. ಖಾಲಿ ಪಿನ್ ಅನ್ನು ಓದಿದಾಗ ಅಳತೆ ಒಂದು ತುದಿಗೆ ಹೋಗಿ ಕೂರುತ್ತದೆ. ಚಿಹ್ನೆಸಹಿತ ಎಂಟು ಬಿಟ್‌ಗಳಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 127. ಹಾಗಾಗಿ ಈ ಅಂಕಿ ಕಂಡರೆ ನಾನು ಬೆಂಕಿಗಿಂತ ಮೊದಲು ಖಾಲಿ ಪಿನ್ ಅನ್ನು ನೆನೆಯುತ್ತೇನೆ. ಆದರೂ ಪರೀಕ್ಷೆ ಮಾಡದೆ ಬಿಡುವುದು ಸರಿಯಲ್ಲ. ಪ್ರೊಸೆಸರಿಗೆ ಪೂರ್ತಿ ಹೊರೆ ಹಾಕುವ ಪ್ರೈಮ್95 ಓಡಿಸಿದೆ. ಪ್ರೊಸೆಸರಿನ ಉಷ್ಣತೆ 41ರಿಂದ 79ಕ್ಕೆ ಏರಿತು, ಪ್ರೊಸೆಸರಿಗೆ ವಿದ್ಯುತ್ ಹೊಂದಿಸಿಕೊಡುವ ವಿಆರ್‌ಎಂನದು ನಿಧಾನವಾಗಿ ಹಿಂದೆ ಹಿಂದೆಯೇ ಏರಿತು. 127 ಕದಲಲಿಲ್ಲ. ನಿಲ್ಲಿಸಿದ ಮೇಲೆ ಉಳಿದವು ಇಳಿದವು, ಅದು ಅಲ್ಲೇ ಇತ್ತು. ಬಿಸಿ ಏರಿಸಿದಾಗ ಏರದ, ತಣ್ಣಗಾದಾಗ ಇಳಿಯದ ಸಾಲು ಯಾವುದನ್ನೂ ಅಳೆಯುತ್ತಿಲ್ಲ.

ಇದೇ ಪರೀಕ್ಷೆಯಲ್ಲಿ ಇನ್ನೊಂದು ಸಾಲೂ ಸಿಕ್ಕಿಬಿತ್ತು. ಎಸಿಪಿಐ ಥರ್ಮಲ್ ಝೋನ್ ಹೊರೆಯ ಮೊದಲೂ 27.8, ಆಮೇಲೂ 27.8. ಎಸಿಪಿಐ ಉಷ್ಣತೆಯನ್ನು ಕೆಲ್ವಿನ್‌ನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಕೊಡುತ್ತದೆ. ಫರ್ಮ್‌ವೇರ್‌ನಲ್ಲಿ 3010 ಎಂದು ಖಾಯಂ ಆಗಿ ಬರೆದಿಟ್ಟರೆ ಅದು 301 ಕೆಲ್ವಿನ್, ಅಂದರೆ 27.85 ಸೆಲ್ಸಿಯಸ್. ಈ ಅಂಕಿಯನ್ನು ಎಷ್ಟೋ ಮೆಷೀನ್‌ಗಳಲ್ಲಿ ನೋಡಬಹುದು. 127ಕ್ಕಿಂತ ಇದು ನನ್ನನ್ನು ಹೆಚ್ಚು ಕಾಡುತ್ತದೆ. 127 ಕಂಡವರು ಗಾಬರಿಯಾಗಿ ಯಾರನ್ನಾದರೂ ಕೇಳುತ್ತಾರೆ, 27.8 ಕಂಡವರು ತಣ್ಣಗಿದೆ ಅಂತ ನೆಮ್ಮದಿಯಾಗಿ ಮಲಗುತ್ತಾರೆ.

8.06 ವೋಲ್ಟ್‌ಗೆ ಬಂದೆ. ಪವರ್ ಸಪ್ಲೈಗಳಿಗೆ ಬಹುಕಾಲದಿಂದ ಇರುವ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟ್ ಸಾಲು ಶೇಕಡಾ 5ರಷ್ಟು ಆಚೀಚೆ ಇರಬಹುದು, 11.40ರಿಂದ 12.60. ನಿಜಕ್ಕೂ 8 ಆಗಿದ್ದರೆ ಪವರ್ ಸಪ್ಲೈ ತನ್ನನ್ನು ತಾನೇ ಆಫ್ ಮಾಡಿಕೊಳ್ಳಬೇಕಿತ್ತು, ಹಾರ್ಡ್ ಡಿಸ್ಕ್ ತಿರುಗುವುದೇ ಕಷ್ಟವಿತ್ತು. ಇಲ್ಲಿ ಪ್ರೈಮ್95 ಆರಾಮಾಗಿ ಓಡಿತ್ತು. ಮದರ್‌ಬೋರ್ಡಿನ ಸ್ವಂತ ಸೆಟಪ್ ಪರದೆಯಾದ ಬಯಾಸ್‌ಗೆ ಹೋಗಿ ನೋಡಿದರೆ 12.10. ಮಲ್ಟಿಮೀಟರ್ ತೆಗೆದು ಖಾಲಿ ಇದ್ದ ಮೋಲೆಕ್ಸ್ ಕನೆಕ್ಟರಿನ ಹಳದಿ ಮತ್ತು ಕಪ್ಪು ತಂತಿಗಳ ನಡುವೆ ಅಳೆದೆ: 12.08.

ಹಾಗಿದ್ದರೆ 8.06 ಎಲ್ಲಿಂದ ಬಂತು? ಸೂಪರ್ ಐಒ ಚಿಪ್ 12 ವೋಲ್ಟನ್ನು ನೇರವಾಗಿ ಅಳೆಯಲಾರದು, ಅದಕ್ಕೆ ತಡೆಯುವ ಮಿತಿ ಬಹಳ ಕಡಿಮೆ. ಬೋರ್ಡ್ ಮಾಡುವವರು ಎರಡು ರೆಸಿಸ್ಟರ್‌ಗಳಿಂದ ವೋಲ್ಟೇಜನ್ನು ಭಾಗಿಸಿ ಚಿಪ್‌ಗೆ ಕೊಡುತ್ತಾರೆ. ಚಿಪ್ ಅಳೆದದ್ದನ್ನು ಎಷ್ಟರಿಂದ ಗುಣಿಸಬೇಕು ಎಂಬುದು ಒಂದೊಂದು ಬೋರ್ಡಿನಲ್ಲಿ ಒಂದೊಂದು. ಬಯಾಸ್‌ಗೆ ತನ್ನ ಬೋರ್ಡಿನ ಗುಣಕ ಗೊತ್ತಿರುತ್ತದೆ. ಹೊರಗಿನ ತಂತ್ರಾಂಶದ ಪಟ್ಟಿಯಲ್ಲಿ ಆ ಮಾಡೆಲ್ ಇಲ್ಲದಿದ್ದರೆ ಅದು ಸಾಮಾನ್ಯ ಗುಣಕ ಹಾಕುತ್ತದೆ. 8.06ಕ್ಕೆ ಒಂದೂವರೆ ಪಟ್ಟು ಮಾಡಿದರೆ 12.09. ಹೊರೆ ಹಾಕಿ ಮತ್ತೆ ಹೋಲಿಸಿದಾಗಲೂ ಅದೇ ಒಂದೂವರೆ. ಪವರ್ ಸಪ್ಲೈ ಬಚಾವಾಯಿತು.

ಸೊನ್ನೆ ತೋರಿಸುತ್ತಿದ್ದ ಫ್ಯಾನ್ ಸಾಲು ಬೋರ್ಡಿನಲ್ಲಿ ಫ್ಯಾನ್ ಸಿಕ್ಕಿಸದೆ ಖಾಲಿ ಬಿಟ್ಟ ಹೆಡರ್‌ನದು. ಮುಗಿಯಿತು.

ಒಂದು ವಿಷಯ ಮಾತ್ರ ನಡುವೆ ಗೊಂದಲ ಮಾಡಿತು. ಪ್ರೊಸೆಸರ್ ಫ್ಯಾನಿನ ಸಾಲಿನಲ್ಲಿ ಆಗೊಮ್ಮೆ ಈಗೊಮ್ಮೆ ಅರ್ಥವೇ ಇಲ್ಲದ ದೊಡ್ಡ ವೇಗ ಕಾಣಿಸಿ ಮರುಕ್ಷಣ ಸರಿಹೋಗುತ್ತಿತ್ತು. ಹಿನ್ನೆಲೆಯಲ್ಲಿ ಏನೇನು ಓಡುತ್ತಿದೆ ಅಂತ ನೋಡಿದರೆ ಬೋರ್ಡಿನ ಜೊತೆ ಬಂದಿದ್ದ ಫ್ಯಾನ್ ನಿಯಂತ್ರಣದ ತಂತ್ರಾಂಶವೂ ಅದೇ ಚಿಪ್ಪನ್ನು ಓದುತ್ತಿತ್ತು. ಈ ಚಿಪ್‌ಗಳನ್ನು ಓದುವುದು ಎರಡು ಹೆಜ್ಜೆಯ ಕೆಲಸ: ಒಂದು ಪೋರ್ಟ್‌ಗೆ ಯಾವ ರಿಜಿಸ್ಟರ್ ಬೇಕು ಅಂತ ಬರೆಯಬೇಕು, ಇನ್ನೊಂದು ಪೋರ್ಟ್‌ನಿಂದ ಅದರ ಬೆಲೆ ಓದಬೇಕು. ಈ ಎರಡರ ಮಧ್ಯೆ ಮತ್ತೊಂದು ತಂತ್ರಾಂಶ ನುಗ್ಗಿ ಬೇರೆ ರಿಜಿಸ್ಟರ್ ಹೇಳಿಬಿಟ್ಟರೆ, ಮೊದಲನೆಯದು ಉಷ್ಣತೆಯನ್ನು ಓದಿ ಫ್ಯಾನಿನ ವೇಗ ಅಂದುಕೊಳ್ಳುತ್ತದೆ. ಇದನ್ನು ತಪ್ಪಿಸಲು ಹಲವು ತಂತ್ರಾಂಶಗಳು ಒಂದೇ ಹೆಸರಿನ ಮ್ಯೂಟೆಕ್ಸ್ ಎಂಬ ಬೀಗವನ್ನು ಹಂಚಿಕೊಂಡು ಸರದಿ ಪಾಲಿಸುತ್ತವೆ, ಎಲ್ಲವೂ ಅಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಒಂದನ್ನೇ ಓಡಿಸುವುದು ನನ್ನ ಪದ್ಧತಿ. ಎರಡನೆಯದನ್ನು ಮುಚ್ಚಿದ ಮೇಲೆ ಆ ಜಿಗಿತ ಮತ್ತೆ ಕಾಣಲಿಲ್ಲ.

ಅಷ್ಟು ಹೊತ್ತಿಗೆ ಕೆಂಪು ಗೆರೆಯ ಮೂರೂ ಸಾಲು ಸುಳ್ಳು ಅಂತ ಖಚಿತವಾಗಿತ್ತು. ರೀಸ್ಟಾರ್ಟ್ ಆಗುವುದಂತೂ ನಿಜವೇ. ವಿಂಡೋಸ್ ಬರೆದಿಟ್ಟ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರ್ ತೆರೆದೆ. ಪ್ರತಿ ರೀಸ್ಟಾರ್ಟ್ ಜೊತೆಗೂ ಕರ್ನಲ್-ಪವರ್, ಐಡಿ 41. ಹೆಸರಿನಲ್ಲಿ ಪವರ್ ಇರುವುದರಿಂದ ಇದನ್ನು ನೋಡಿದ ತಕ್ಷಣ ಪವರ್ ಸಪ್ಲೈ ಬದಲಿಸಿದವರು ಬಹಳ ಜನ ಇದ್ದಾರೆ. ಆ ದಾಖಲೆ ಹೇಳುವುದು ಇಷ್ಟೇ: ಹಿಂದಿನ ಸಲ ಕಂಪ್ಯೂಟರ್ ಸರಿಯಾದ ಕ್ರಮದಲ್ಲಿ ಶಟ್‌ಡೌನ್ ಆಗಲಿಲ್ಲ. ಕಾರಣ ಬೇಕಿದ್ದರೆ ಡೀಟೇಲ್ಸ್ ಟ್ಯಾಬ್‌ಗೆ ಹೋಗಿ ಬಗ್‌ಚೆಕ್‌ಕೋಡ್ ಎಂಬ ಜಾಗ ನೋಡಬೇಕು. ಅಲ್ಲಿ 0 ಇದ್ದರೆ ವಿಂಡೋಸ್‌ಗೆ ಏನನ್ನೂ ಬರೆದಿಡಲು ಸಮಯ ಸಿಗಲಿಲ್ಲ ಎಂದರ್ಥ. ಕರೆಂಟ್ ಹೋಗಿರಬಹುದು, ಮೆಷೀನ್ ಪೂರ್ತಿ ಸ್ತಬ್ಧವಾಗಿರಬಹುದು. ಇಲ್ಲಿ 26 ಇತ್ತು. ಇದು ದಶಮಾನದ ಸಂಖ್ಯೆ, ಹದಿನಾರರ ಮಾನಕ್ಕೆ ತಂದರೆ 1ಎ. ನೀಲಿ ಪರದೆಯ ಕೋಡ್‌ಗಳಲ್ಲಿ 1ಎ ಎಂದರೆ ಮೆಮೊರಿ ಮ್ಯಾನೇಜ್‌ಮೆಂಟ್. ಅಂದರೆ ಪ್ರತಿ ಸಲ ನೀಲಿ ಪರದೆ ಬಂದೇ ಇತ್ತು, ಆಟೊಮ್ಯಾಟಿಕ್ ರೀಸ್ಟಾರ್ಟ್ ಆನ್ ಇದ್ದದ್ದರಿಂದ ಅವಳ ಕಣ್ಣಿಗೆ ಬೀಳುವ ಮೊದಲೇ ಹೋಗುತ್ತಿತ್ತು.

ಮೆಮೊರಿಯ ಸುದ್ದಿ ಮಾನಿಟರಿಂಗ್ ತಂತ್ರಾಂಶದಲ್ಲಿ ಎಲ್ಲೂ ಇರಲಿಲ್ಲ, ಇರಲು ಸಾಧ್ಯವೂ ಇಲ್ಲ. ಇಸಿಸಿ (ತಪ್ಪು ಪತ್ತೆಮಾಡಿ ತಿದ್ದುವ ಏರ್ಪಾಡು) ಇಲ್ಲದ ಸಾಮಾನ್ಯ ರ‍್ಯಾಮ್‌ನಲ್ಲಿ ಒಂದು ಬಿಟ್ ಮಗುಚಿದರೆ ಅದನ್ನು ಕಂಡುಹಿಡಿದು ವರದಿ ಮಾಡುವ ವ್ಯವಸ್ಥೆ ಆ ಸ್ಟಿಕ್‌ಗಳಲ್ಲಿಲ್ಲ. ಇಡೀ ದಿನದ ಕೆಲಸದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು: ಕೆಂಪಾಗಿ ಕಂಡ ಕಡೆ ಏನೂ ಆಗಿರಲಿಲ್ಲ, ಕೆಟ್ಟಿದ್ದು ಸಾಲೇ ಇಲ್ಲದ ಕಡೆ. ತಂಗಿಯಂಥವರಿಗೆ ಈ ತಂತ್ರಾಂಶ ಕೊಡುವಾಗ ಸೆನ್ಸರ್ ಇರುವ ಜಾಗಗಳನ್ನಷ್ಟೇ ಇದು ತೋರಿಸುತ್ತದೆ ಅಂತ ಯಾರೂ ಹೇಳಿಕೊಡುವುದಿಲ್ಲ.

ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದಲೇ ಬೂಟ್ ಮಾಡಿದೆ. ವಿಂಡೋಸ್ ಒಳಗಿನಿಂದ ರ‍್ಯಾಮ್ ಪರೀಕ್ಷಿಸಿದರೆ ವಿಂಡೋಸ್ ತಾನೇ ಕೂತಿರುವ ಜಾಗ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ. ರ‍್ಯಾಮ್ ತಯಾರಕರು ಹೆಚ್ಚಿನ ವೇಗಕ್ಕೆ ಹೊಂದಿಸಿಟ್ಟ ಎಕ್ಸ್‌ಎಂಪಿ ಪ್ರೊಫೈಲ್‌ನಲ್ಲಿ 3600ರ ವೇಗಕ್ಕೆ ಓಡುತ್ತಿತ್ತು. ಮೊದಲ ಸುತ್ತು ಮುಗಿಯುವ ಮುನ್ನವೇ ಕೆಂಪು ಸಾಲುಗಳು ಬಂದವು. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ, ಮೂಲ ವೇಗ 2666ಕ್ಕೆ ಇಳಿಸಿ ಮತ್ತೆ ಓಡಿಸಿದೆ. ಪೂರ್ತಿ ಸುತ್ತುಗಳಾದವು, ಒಂದೂ ತಪ್ಪಿಲ್ಲ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ ಎಂಬ ಕಾರಣಕ್ಕೆ ಎಕ್ಸ್‌ಎಂಪಿ ವೇಗವನ್ನು ಜನ ಸಹಜ ವೇಗ ಅಂದುಕೊಳ್ಳುತ್ತಾರೆ. ಅದು ಓವರ್‌ಕ್ಲಾಕ್, ಅಂದರೆ ಮೂಲ ವೇಗ ಮೀರಿ ಓಡಿಸುವ ಲೆಕ್ಕವೇ. ಸ್ಟಿಕ್, ಬೋರ್ಡ್ ಮತ್ತು ಪ್ರೊಸೆಸರಿನ ಮೆಮೊರಿ ಕಂಟ್ರೋಲರ್ ಮೂರೂ ಒಪ್ಪಿದರೆ ಮಾತ್ರ ನಡೆಯುತ್ತದೆ.

ಸಂಜೆ ತಂಗಿಗೆ ಫೋನ್ ಮಾಡಿ ಹೇಳಿದೆ. "ಹಾಗಾದ್ರೆ ಆ 127 ಏನ್ ಮಾಡೋದು?" ಅಂದಳು. ಅದನ್ನೂ 27.8 ಅನ್ನೂ ಪಟ್ಟಿಯಿಂದ ಮರೆಮಾಡಿದ್ದೇನೆ, 12 ವೋಲ್ಟ್ ಸಾಲಿಗೆ ಗುಣಕ 1.5 ಹಾಕಿದ್ದೇನೆ, ಈಗ 12.09 ತೋರಿಸುತ್ತದೆ ಅಂದೆ. ಆಟೊಮ್ಯಾಟಿಕ್ ರೀಸ್ಟಾರ್ಟ್ ಕೂಡ ಆಫ್ ಮಾಡಿದ್ದೇನೆ, ಇನ್ನೊಮ್ಮೆ ನೀಲಿ ಪರದೆ ಬಂದರೆ ಫೋಟೊ ತೆಗೆದು ಕಳಿಸಬಹುದು.

ನಾಳೆ ಒಂದೊಂದೇ ಸ್ಟಿಕ್ ಇಟ್ಟು 3600ರಲ್ಲಿ ಪರೀಕ್ಷಿಸಬೇಕು. ತಪ್ಪು ಒಂದೇ ಸ್ಟಿಕ್‌ನಲ್ಲಿ ಕಂಡರೆ ಜೋಡಿಯಾಗಿ ವಾರಂಟಿಗೆ ಕಳಿಸುವುದು. ಒಂಟಿಯಾಗಿ ಎರಡೂ ಪಾಸಾದರೆ ಎರಡನ್ನೂ ಹಾಕಿ 3200ರಲ್ಲಿ ಇನ್ನೊಂದು ರಾತ್ರಿ ಓಡಿಸಿ ನೋಡುವುದು. ಪವರ್ ಸಪ್ಲೈಗೆ ಆರ್ಡರ್ ಹಾಕಬೇಡ ಅಂತ ಮತ್ತೊಮ್ಮೆ ಮೆಸೇಜ್ ಮಾಡಿದ್ದೇನೆ.